ಯುಗಾದಿಗೆ ಬಿತ್ತಿ, ತಿಂಗಳೊಳಗೆ ಸಾರಿಗೆ ಹಾಕಿ

ಬೀದಿಯ ಹೊಂಗೆ ಮರ ಎಲೆ ಉದುರಿಸಿ ಹೊಳೆಯುವ ಚಿಗುರು ಬಿಡುವ ಹೊತ್ತಿಗೆ ನಮ್ಮಂಥವರ ಕೈ ಸುಮ್ನೆ ಇರುವುದಿಲ್ಲ. ಏನಾದರೂ ನೆಡಬೇಕು ಅನ್ನಿಸುತ್ತದೆ. ನಾನು ಮೊದಲ ವರ್ಷ ಒಂದೇ ಸಲಕ್ಕೆ ಗಿಡ ಬೆಳೆಸುವ 20 ಚೀಲ (ಗ್ರೋ ಬ್ಯಾಗ್) ತಂದು ಟೊಮೆಟೊ, ಎಲೆಕೋಸು, ಕ್ಯಾರೆಟ್ ಎಲ್ಲ ಹಾಕಿಬಿಟ್ಟೆ. ಏಪ್ರಿಲ್ ಬಿಸಿಲಿಗೆ ಟೊಮೆಟೊ ಹೂ ಉದುರಿಹೋಯಿತು. ಕೋಸು ಗಡ್ಡೆ ಕಟ್ಟಲೇ ಇಲ್ಲ. ಕ್ಯಾರೆಟ್ ಕಿತ್ತು ನೋಡಿದರೆ ಇಲಿ ಬಾಲ!

ತಪ್ಪು ಗಿಡದ್ದಲ್ಲ. ವಸಂತ ಎಂದರೆ ಹಿಮ ಕರಗಿ ಹವೆ ಹಿತವಾಗುವ ಕಾಲ ಅನ್ನುವುದು ಬೇರೆ ದೇಶದ ಲೆಕ್ಕ. ನಮ್ಮಲ್ಲಿ ಅದು ಬೇಸಿಗೆಯ ಹೊಸ್ತಿಲು. ಕೋಸು, ಕ್ಯಾರೆಟ್‌ಗೆ ದೀಪಾವಳಿ ಹೊತ್ತು ಸರಿ. ಯುಗಾದಿ ಆಸುಪಾಸಿನಲ್ಲಿ ಬಿತ್ತಬೇಕಾದ್ದು ಬಿಸಿಲನ್ನು ಇಷ್ಟಪಡುವ ದಂಟು, ಬಸಳೆ, ಬೆಂಡೆ, ಅಲಸಂದೆ, ಸೌತೆ, ಹೀರೆ. ಮೊದಲ ಸಲ ಇವುಗಳಲ್ಲಿ ಮೂರು ಸಾಕು. ನಾನು ಹೇಳುವುದಾದರೆ ದಂಟು, ಬಸಳೆ, ಬೆಂಡೆ.

ಜಾಗ ಮತ್ತು ಮಣ್ಣು

ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಜಾಗ ಹುಡುಕಿ. ಬೆಳಗಿನ ಬಿಸಿಲಾದರೆ ಇನ್ನೂ ಒಳ್ಳೆಯದು. ತಾರಸಿಯಾದರೆ ಚೀಲಗಳನ್ನು ನಡುವೆ ಗುಡ್ಡೆ ಹಾಕದೆ ಗೋಡೆಯಂಚಿಗೆ ಸಾಲಾಗಿ ಇಡಿ. ಒಂದಡಿ ಅಗಲ, ಒಂದಡಿ ಎತ್ತರದ ಚೀಲ ನೀರು ಕುಡಿದರೆ 15 ಕೆ.ಜಿ. ದಾಟುತ್ತದೆ. ಕೆಳಗೆ ಎರಡು ಇಟ್ಟಿಗೆ ಕೊಟ್ಟರೆ ನೀರು ಬಸಿದುಹೋಗುತ್ತದೆ, ತಾರಸಿಗೂ ಪಾಚಿ ಕಟ್ಟುವುದಿಲ್ಲ. ಹಳೇ ಬಕೆಟ್, ಪೇಂಟ್ ಡಬ್ಬ ಇದ್ದರೆ ತಳಕ್ಕೆ ನಾಲ್ಕು ತೂತು ಹೊಡೆದುಕೊಳ್ಳಿ. ದುಡ್ಡು ಉಳಿಯಿತು.

ಮಣ್ಣಿನ ಲೆಕ್ಕ ಸುಲಭ. ಕೆಂಪು ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು. ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಮಾತ್ರ ಹಾಕಬೇಡಿ, ಬೇರು ಸುಟ್ಟುಹೋಗುತ್ತದೆ. ಕೊಕೊಪೀಟ್ ಇಟ್ಟಿಗೆಯನ್ನು ನೀರಲ್ಲಿ ನೆನೆಸಿ, ಒಂದೆರಡು ಸಲ ಹಿಂಡಿ ತೊಳೆಯಿರಿ. ಅದರಲ್ಲಿ ಉಪ್ಪಿನಂಶ ಇರುತ್ತದೆ. ಚೀಲವನ್ನು ಬಾಯಿವರೆಗೂ ತುಂಬಬೇಡಿ. ಎರಡು ಬೆರಳಷ್ಟು ಜಾಗ ಬಿಡಿ, ಇಲ್ಲದಿದ್ದರೆ ಹಾಕಿದ ನೀರೆಲ್ಲ ಹೊರಗೆ.

ಬಿತ್ತುವ ದಿನ

ದಂಟಿನ ಬೀಜ ನೋಡಿದ್ದೀರಾ? ಕರಾವಳಿಯವರು ಹರಿವೆ ಅನ್ನುತ್ತಾರೆ. ಎಷ್ಟು ಸಣ್ಣ ಎಂದರೆ, ಚಿಟಿಕೆಯಲ್ಲಿ ನೂರಾರು ಕಾಳು ಬರುತ್ತವೆ. ಹಾಗೇ ಉದುರಿಸಿದರೆ ಒಂದೇ ಕಡೆ ಬಿದ್ದು ಗುಂಪಾಗಿ ಮೊಳೆಯುತ್ತವೆ. ಒಂದು ಹಿಡಿ ಒಣ ಮರಳಿಗೆ ಅರ್ಧ ಚಮಚ ಬೀಜ ಬೆರೆಸಿ, ರಂಗೋಲಿ ಪುಡಿ ಉದುರಿಸುವಂತೆ ಉದುರಿಸಿ. ಮೇಲೆ ತೆಳುವಾಗಿ ಮಣ್ಣು ಸವರಿ. ನೀರನ್ನು ಚೊಂಬಿನಿಂದ ಸುರಿಯದೆ ಕೈಯಿಂದ ಚಿಮುಕಿಸಿ.

ಮಾರನೇ ದಿನ ಬೆಳಿಗ್ಗೆ ಇರುವೆಗಳು ಸಾಲುಗಟ್ಟಿ ಬೀಜ ಹೊತ್ತೊಯ್ಯುತ್ತಿರಬಹುದು. ಚೀಲದ ಪಕ್ಕ ಸ್ವಲ್ಪ ಅಕ್ಕಿ ಹಿಟ್ಟು ಹಾಕಿ. ಅವು ಆ ಕಡೆ ತಿರುಗುತ್ತವೆ. ನಮಗೆ ದಂಟು, ಅವಕ್ಕೆ ಹಿಟ್ಟು.

ನಾಲ್ಕನೇ ದಿನದ ಹೊತ್ತಿಗೆ ಮಣ್ಣು ಸೀಳಿ ಕೆಂಪು ದಾರದಂಥ ಮೊಳಕೆ ಕಾಣುತ್ತದೆ. ಕಾಫಿ ಲೋಟ ಹಿಡಿದು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡುವ ಐದು ನಿಮಿಷ ಇದೆಯಲ್ಲ, ಈ ಕೆಲಸದ ಅರ್ಧ ಸುಖ ಅದೇ. ದಿನಕ್ಕೆ ಮೂರು ಸಲ ಹೋಗಿ ನೋಡುತ್ತೀರಿ. ಮನೆಯವರು ನಗುತ್ತಾರೆ. ನಗಲಿ ಬಿಡಿ.

ಬಸಳೆಗೆ ಬೀಜವೇ ಬೇಡ. ಮಾರ್ಕೆಟ್ಟಿನಿಂದ ಒಂದು ಕಟ್ಟು ತನ್ನಿ. ಎಲೆ ಹುಳಿಗೆ ಹಾಕಿ, ಬಲಿತ ಕಾಂಡವನ್ನು ಗೇಣುದ್ದ ಕತ್ತರಿಸಿ, ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ಊರಿ. ಹತ್ತು ದಿನದಲ್ಲಿ ಚಿಗುರು ಕಾಣಬೇಕು.

ಬೆಂಡೆ ಬೀಜವನ್ನು ರಾತ್ರಿ ನೆನೆಸಿ, ಚೀಲಕ್ಕೆ ಎರಡೆರಡು ಹಾಕಿ, ಆಮೇಲೆ ಗಟ್ಟಿಮುಟ್ಟಾದ ಒಂದನ್ನು ಮಾತ್ರ ಉಳಿಸಿಕೊಳ್ಳಿ. ಇನ್ನೊಂದನ್ನು ಕೀಳಲು ಸಂಕಟವಾಗುತ್ತದೆ, ಆದರೂ ಕೀಳಿ. ತಳಿ ಹುಡುಕುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕ’ ಬೆಂಡೆ, ‘ಅರ್ಕಾ ಸುಗುಣ’ ದಂಟು ಇವೆ. ಈ ದಂಟನ್ನು ಮತ್ತೆ ಮತ್ತೆ ಕೊಯ್ಯಬಹುದು.

ನೀರು

2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಆ ಬೇಸಿಗೆ ನಮ್ಮ ಗಿಡಗಳು ಬದುಕಿದ್ದು ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರಿನಲ್ಲಿ. ಸಿಂಕ್ ಪಕ್ಕ ಒಂದು ಬಕೆಟ್ ಇಟ್ಟರೆ ಸಂಜೆಗೆ ಎಷ್ಟು ತುಂಬುತ್ತದೆ ನೋಡಿ, ನಂಬಲಾಗುವುದಿಲ್ಲ. ಉಪ್ಪು, ಸೋಪು ಬೆರೆತ ನೀರು ಬೇಡ. ಕುಡಿಯುವ ನೀರು ಶುದ್ಧ ಮಾಡುವ ಆರ್‌ಓ ಯಂತ್ರ ಹೊರಹಾಕುವ ನೀರನ್ನೂ ದಿನಾ ಹಾಕಬೇಡಿ, ಅದರಲ್ಲಿ ಲವಣ ಜಾಸ್ತಿ.

ಬಿಸಿಲೇರುವ ಮೊದಲು ನೀರು ಹಾಕಿ. ಬೆರಳನ್ನು ಮಣ್ಣೊಳಗೆ ಒಂದು ಗಿಣ್ಣಿನಷ್ಟು ತೂರಿಸಿದಾಗ ತೇವ ತಗುಲಿದರೆ ಅವತ್ತು ರಜ. ಹೊಸಬರ ಗಿಡಗಳು ಒಣಗಿ ಸಾಯುವುದಕ್ಕಿಂತ ಕೊಳೆತು ಸಾಯುವುದೇ ಹೆಚ್ಚು ಅಂತ ನನ್ನ ಅನುಭವ. ಬೀದಿಯಲ್ಲಿ ಗುಡಿಸಿಟ್ಟ ತರಗೆಲೆ ಬಿದ್ದಿರುತ್ತದಲ್ಲ, ಒಂದು ಚೀಲ ತುಂಬಿ ತಂದು ಗಿಡದ ಬುಡಕ್ಕೆ ಹೊದಿಸಿ. ತೇವ ನಿಲ್ಲುತ್ತದೆ. ಯಾರೋ ಅದಕ್ಕೆ ಬೆಂಕಿ ಹಚ್ಚುವುದೂ ತಪ್ಪುತ್ತದೆ.

ಹುಳು ಬಂದರೆ

ಬರುತ್ತದೆ. ಎಲೆಯಡಿ ಸಸ್ಯಹೇನು, ಹತ್ತಿಯಂಥ ಹಿಟ್ಟು ತಿಗಣೆ ಕಂಡರೆ ಮೊದಲು ನೀರು ಚಿಮ್ಮಿಸಿ ತೊಳೆಯಿರಿ. ಬಗ್ಗದಿದ್ದರೆ ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಸಿಂಪಡಿಸಿ. ಬೆಂಡೆ ಎಲೆಯ ನರಗಳೆಲ್ಲ ಹಳದಿಯಾದರೆ ಅದು ಬಿಳಿನೊಣ ತರುವ ನಂಜು ರೋಗ. ಮದ್ದಿಲ್ಲ. ಆ ಗಿಡ ಕಿತ್ತುಹಾಕಿ.

ಕೊಯ್ಲು

25ರಿಂದ 30 ದಿನಕ್ಕೆ ದಂಟು ಸಿದ್ಧ. ಬೇರು ಸಮೇತ ಕೀಳದೆ, ಬುಡದಲ್ಲಿ ಎರಡು ಗಿಣ್ಣು ಬಿಟ್ಟು ಕತ್ತರಿಸಿ, ಮತ್ತೆ ಚಿಗುರುತ್ತದೆ. ಮೊದಲ ಕೊಯ್ಲು ಬರೀ ಒಂದು ಹಿಡಿ ಇರಬಹುದು. ನಮ್ಮ ಮನೆಯಲ್ಲಿ ಅದು ತೊಗರಿಬೇಳೆ ಜೊತೆ ಸೇರಿ ಮಸ್ಸೊಪ್ಪಾಯಿತು. ಎಲ್ಲರ ತಟ್ಟೆಗೂ ಒಂದೊಂದು ಸೌಟು. ಮಾರ್ಕೆಟ್ಟಿನಲ್ಲಿ ಇದಕ್ಕೆ ಎಷ್ಟಾಗುತ್ತಿತ್ತು ಅಂತ ಮಾತ್ರ ಲೆಕ್ಕ ಹಾಕಲು ಹೋಗಬೇಡಿ.

ಬೆಂಡೆ ಹೂ ಬಿಡಲು ಒಂದೂವರೆ ತಿಂಗಳು ಬೇಕು. ಬೆಳಿಗ್ಗೆ ಅರಳುವ ತಿಳಿ ಹಳದಿ ಹೂ, ನಡುವೆ ಕಡು ಕೆಂಪು. ಸಂಜೆಗೆ ಮುದುಡಿಹೋಗುತ್ತದೆ. ಆಫೀಸಿಗೆ ಬೇಗ ಓಡುವವರಿಗೆ ಭಾನುವಾರವೇ ಗತಿ. ಹೂ ಬಿದ್ದ ಐದಾರು ದಿನಕ್ಕೆ ಕಾಯಿ ಕೊಯ್ಯಬೇಕು. ಊರಿಗೆ ಹೋಗಿ ಬಂದರೆ ಅಷ್ಟರಲ್ಲಿ ಬಲಿತು ನಾರಾಗಿರುತ್ತದೆ. ಅಂಥದ್ದೊಂದನ್ನು ಗಿಡದಲ್ಲೇ ಒಣಗಲು ಬಿಡಿ, ಬೀಜಕ್ಕಾಯಿತು. ದಂಟಿನ ಒಂದು ಗಿಡವನ್ನೂ ಹಾಗೇ ತೆನೆಗೆ ಬಿಡಿ.

ಬೀಜ ಕಟ್ಟಿಟ್ಟ ಪೊಟ್ಟಣದ ಮೇಲೆ ಹೆಸರು, ತಿಂಗಳು ಬರೆಯಿರಿ. ಬರೆಯದ ಒಂದು ಪೊಟ್ಟಣ ನಮ್ಮ ಸಾಸಿವೆ ಡಬ್ಬದ ಪಕ್ಕ ಇನ್ನೂ ಇದೆ. ಕೆಂಪು ದಂಟೋ ಹಸಿರು ದಂಟೋ, ಎರಡರ ಬೀಜವೂ ಕಪ್ಪೇ. ಮೊಳೆತ ಮೇಲೆ ನೋಡಬೇಕು.