ನಡುವಿನ ಮಗು ಹವಾಯಿಯಲ್ಲಿ ಹುಟ್ಟಿದ್ದು

ಕ್ಯಾಲಿಫೋರ್ನಿಯಾದ ಹೇವರ್ಡ್‌ನಲ್ಲಿ ನಮ್ಮ ಮನೆ ಹತ್ತಿರ ಹಿರಿಯರು ಸೇರುವ ಒಂದು ಕೇಂದ್ರ ಇದೆ. ಶನಿವಾರ ಬೆಳಿಗ್ಗೆ ಅಲ್ಲಿಗೆ ಹೋಗಿ ವಯಸ್ಸಾದವರಿಗೆ ಕಂಪ್ಯೂಟರ್ ಹೇಳಿಕೊಡುತ್ತೇನೆ. ಕಚೇರಿಯಲ್ಲೂ ನನ್ನ ಕೆಲಸ ಅಂಕಿ ಸಂಖ್ಯೆಗಳದ್ದೇ. ಹಾಗಾಗಿ ಹಳೆಯ ಜನಗಣತಿ ಪುಟದಲ್ಲಿ ತಮ್ಮ ಮನೆಯವರನ್ನು ಹುಡುಕಬೇಕು ಅನ್ನುವವರನ್ನೆಲ್ಲ ನನ್ನ ಮೇಜಿಗೇ ಕಳಿಸುತ್ತಾರೆ.

ಒಂದು ಶನಿವಾರ ಒಬ್ಬ ಅಜ್ಜಿ, ಒಬ್ಬ ಅಜ್ಜ ಒಟ್ಟಿಗೆ ಬಂದರು. ಅಜ್ಜಿಯ ಹಿರಿಯರು ಪೋರ್ಚುಗಲ್‌ನ ಮದೀರಾ ದ್ವೀಪದವರು. ಅಜ್ಜನ ಹಿರಿಯರು ಸ್ಪೇನ್‌ನ ದಕ್ಷಿಣದ ಆಂಡಲೂಸಿಯಾದವರು. ಎರಡೂ ಮನೆಯವರು ಇಲ್ಲಿಗೆ ಬಂದದ್ದು ಹವಾಯಿಯ ಕಬ್ಬಿನ ತೋಟಗಳಲ್ಲಿ ದುಡಿದ ಮೇಲೆ. ‘ನಮ್ಮವರು ಬೇಗ ಸ್ವಂತ ಮನೆ ಮಾಡಿಕೊಂಡರು’ ಎಂದರು ಅಜ್ಜಿ. ‘ನಮ್ಮವರಿಗೆ ಸಂಬಳ ಚೆನ್ನಾಗಿತ್ತು’ ಎಂದರು ಅಜ್ಜ. ಇದು ಅವರಿಬ್ಬರ ನಡುವೆ ಹಳೆಯ ಮಾತು ಅಂತ ಕಾಣುತ್ತೆ. ಇಬ್ಬರೂ ನನ್ನ ಕಡೆ ತಿರುಗಿ ‘ನೀನೇ ಲೆಕ್ಕ ಹಾಕಿ ಹೇಳು’ ಎಂದರು.

ಆಗಲಿ ಅಂದೆ. ಒಂದು ಸಂಜೆಯ ಕೆಲಸ ಅಂದುಕೊಂಡಿದ್ದೆ, ವರ್ಷವೇ ಹಿಡಿಯಿತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಸರ್ಕಾರ ಸಿದ್ಧ ಮಾಡಿಟ್ಟ ಕೋಷ್ಟಕಗಳನ್ನು ತೆಗೆದೆ. ಪೋರ್ಚುಗೀಸ್ ಮೂಲದವರು ಎಷ್ಟು, ಸ್ಪೇನ್ ಮೂಲದವರು ಎಷ್ಟು, ಓದು, ಆದಾಯ, ಸ್ವಂತ ಮನೆ. ಪಕ್ಕಪಕ್ಕ ಇಟ್ಟರೆ ಮುಗಿಯಿತು ಅಲ್ವಾ? ಆದರೆ ಒಂದು ಸಂಖ್ಯೆ ಕಣ್ಣಿಗೆ ಚುಚ್ಚಿತು. 2000ದ ಜನಗಣತಿಯಲ್ಲಿ ‘ಸ್ಪೇನಿಯರ್ಡ್’ ಎಂದು ಲೆಕ್ಕಕ್ಕೆ ಬಂದವರು ಸುಮಾರು 1 ಲಕ್ಷ. 2010ರಲ್ಲಿ 6 ಲಕ್ಷ 35 ಸಾವಿರ. ಹತ್ತು ವರ್ಷದಲ್ಲಿ ಸ್ಪೇನ್‌ನಿಂದ ಅಷ್ಟು ಜನ ಹಡಗು ಹತ್ತಿ ಬರಲಿಲ್ಲ. 2010ರ ನಮೂನೆಯಲ್ಲಿ ಉದಾಹರಣೆ ಅಂತ ಕೊಟ್ಟ ಪದಗಳಲ್ಲಿ ‘ಸ್ಪೇನಿಯರ್ಡ್’ ಅನ್ನುವುದೂ ಇತ್ತು. 2000ದ ನಮೂನೆಯಲ್ಲಿ ಇರಲಿಲ್ಲ. ನ್ಯೂ ಮೆಕ್ಸಿಕೋ, ದಕ್ಷಿಣ ಕೊಲರಾಡೋಗಳಲ್ಲಿ ನಾಲ್ಕು ನೂರು ವರ್ಷದಷ್ಟು ಹಳೆಯ ಸ್ಪ್ಯಾನಿಷ್ ಬೇರಿನ ಮನೆತನಗಳಿವೆ. ಅವರಲ್ಲಿ ಬಹಳ ಜನ ತಮ್ಮನ್ನು ಸ್ಪೇನ್‌ನವರೆಂದೇ ಹೇಳಿಕೊಳ್ಳುತ್ತಾರೆ. ಅದು ಅವರ ಹಕ್ಕು. ಆದರೆ ಅವರನ್ನೂ 1911ರಲ್ಲಿ ಕಬ್ಬು ಕಡಿಯಲು ಬಂದ ಆಂಡಲೂಸಿಯಾದ ಕೂಲಿಯ ಮೊಮ್ಮಕ್ಕಳನ್ನೂ ಒಂದೇ ಸಾಲಿನಲ್ಲಿ ಹಾಕಿದರೆ ಸರಾಸರಿ ಯಾರದ್ದು?

ಸ್ಪೇನ್‌ನಲ್ಲೇ ಹುಟ್ಟಿದವರು, ಪೋರ್ಚುಗಲ್‌ನಲ್ಲೇ ಹುಟ್ಟಿದವರು ಅಂತ ಮಾತ್ರ ತೆಗೆದುಕೊಂಡರೂ ಸರಿಹೋಗಲಿಲ್ಲ. ಅಮೆರಿಕದ 1924ರ ವಲಸೆ ಕಾನೂನು ಎರಡೂ ದೇಶಗಳಿಗೆ ಬಾಗಿಲು ಹಾಕಿತ್ತು. ವರ್ಷಕ್ಕೆ ಪೋರ್ಚುಗಲ್‌ಗೆ 503 ಜನ, ಸ್ಪೇನ್‌ಗೆ ಬರೀ 131. ಆಮೇಲೆ 1957ರಲ್ಲಿ ಪೋರ್ಚುಗಲ್‌ಗೆ ಸೇರಿದ ಅಸೋರಿಸ್ ದ್ವೀಪಗಳಲ್ಲಿ ಒಂದಾದ ಫಾಯಲ್‌ನ ದಡದಲ್ಲಿ ಜ್ವಾಲಾಮುಖಿ ಎದ್ದು ಮನೆ ಹೊಲ ಬೂದಿಯಲ್ಲಿ ಮುಚ್ಚಿಹೋದವು. 1958ರಲ್ಲಿ ಅಮೆರಿಕ ಅವರಿಗಾಗಿಯೇ ಒಂದು ನಿರಾಶ್ರಿತರ ಕಾನೂನು ಮಾಡಿತು. ರೋಡ್ ಐಲೆಂಡ್‌ನ ಜಾನ್ ಪಾಸ್ಟೋರ್ ಜೊತೆ ಅದನ್ನು ತಂದವರು ಮ್ಯಾಸಚೂಸೆಟ್ಸ್‌ನ ಸೆನೆಟರ್ ಜಾನ್ ಕೆನಡಿ. 1965ರ ನಂತರ ಬಾಗಿಲು ಇನ್ನೂ ತೆರೆಯಿತು. ನೆಂಟರ ಹಿಂದೆ ನೆಂಟರು ಬಂದರು. ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್, ನ್ಯೂ ಬೆಡ್‌ಫರ್ಡ್ ಊರುಗಳ ಗಿರಣಿಗಳಿಗೆ, ಇಲ್ಲಿಯ ಟುಲೇರಿ, ಹ್ಯಾನ್‌ಫರ್ಡ್ ಕಡೆಯ ಡೈರಿಗಳಿಗೆ. ಬಹಳ ಜನ ನಾಲ್ಕನೇ ಕ್ಲಾಸು ಓದಿದವರು. ಅದೇ ಕಾಲದಲ್ಲಿ ಸ್ಪೇನ್‌ನ ಕೂಲಿಗಳು ಫ್ರಾನ್ಸ್, ಜರ್ಮನಿ, ಸ್ವಿಟ್ಜರ್‌ಲೆಂಡ್‌ಗೆ ಹೋಗುತ್ತಿದ್ದರು. ಅಮೆರಿಕಕ್ಕೆ ಈಚೆಗೆ ಬಂದ ಸ್ಪೇನ್‌ನವರಲ್ಲಿ ಡಿಗ್ರಿ ಇರುವವರೇ ಜಾಸ್ತಿ. ಇವರಿಬ್ಬರನ್ನು ಹೋಲಿಸಿ ‘ಸ್ಪೇನ್‌ನವರು ಮುಂದೆ’ ಅನ್ನುವುದು ಇಂಜಿನಿಯರನ್ನೂ ಹೈನುಗಾರನನ್ನೂ ಹೋಲಿಸಿ ಎರಡು ದೇಶಗಳ ಮೇಲೆ ತೀರ್ಪು ಕೊಟ್ಟ ಹಾಗೆ. ಆ ಕೋಷ್ಟಕ ಬದಿಗಿಟ್ಟೆ.

ಆಮೇಲೆ ಹೆಸರು ಹಿಡಿದು ಹೋದೆ. ಅಡ್ಡಹೆಸರಿನ ಕೊನೆಯಲ್ಲಿ ‘ಸ್’ ಬಂದರೆ ಪೋರ್ಚುಗೀಸ್, ‘ಜ್’ ಬಂದರೆ ಸ್ಪ್ಯಾನಿಷ್. ಫರ್ನಾಂಡಿಸ್ ಅಲ್ಲಿ, ಫರ್ನಾಂಡೆಜ್ ಇಲ್ಲಿ. ಹೆಸರಿನ ಪಟ್ಟಿಗೆ ಸೂತ್ರ ಹಾಕಿದೆ. ಪೋರ್ಚುಗೀಸ್ ಕಡೆ ಫರ್ನಾಂಡಿಸ್, ರಾಡ್ರಿಗಸ್, ಗೋಮ್ಸ್ ಸಾಲಾಗಿ ಬಂದರು. ನೋಡುತ್ತಾ ನೋಡುತ್ತಾ ಕೈ ನಿಂತಿತು. ನಾನು ಹುಟ್ಟಿ ಬೆಳೆದದ್ದು ಮಂಗಳೂರಿನಲ್ಲಿ. ಇವೆಲ್ಲ ನನ್ನ ಶಾಲೆಯ ಹಾಜರಿ ಪುಸ್ತಕದ ಹೆಸರುಗಳು! ಇಲ್ಲಿ ಸುತ್ತಮುತ್ತ ಮಂಗಳೂರು, ಗೋವಾದ ಕೊಂಕಣಿ ಕ್ಯಾಥೊಲಿಕ್ ಮನೆಗಳು ಎಷ್ಟೋ ಇವೆ. ಹೆಸರು ಪೋರ್ಚುಗೀಸ್, ಮನೆಮಾತು ಕೊಂಕಣಿ, ಪೋರ್ಚುಗಲ್‌ನ ಮುಖ ಕಂಡವರಲ್ಲ. ಅವರನ್ನು ಲೆಕ್ಕಕ್ಕೆ ಸೇರಿಸಿದರೆ ಪೋರ್ಚುಗೀಸರ ಓದು, ಆದಾಯ ಸುಮ್ನೆ ಮೇಲೇರುತ್ತದೆ. ಸ್ಪ್ಯಾನಿಷ್ ಕಡೆ ಇದೇ ತೊಂದರೆ ಫಿಲಿಪಿನೋಗಳಿಂದ. 1849ರಲ್ಲಿ ಅಲ್ಲಿನ ಸ್ಪ್ಯಾನಿಷ್ ಗವರ್ನರ್ ಕ್ಲಾವೆರಿಯಾ ಒಂದು ಆಜ್ಞೆ ಹೊರಡಿಸಿ ಜನರಿಗೆ ಅಡ್ಡಹೆಸರು ಹಂಚಿಸಿದ್ದ. ನಮ್ಮ ಪಕ್ಕದ ಯೂನಿಯನ್ ಸಿಟಿಯಲ್ಲಿ ಆ ಹೆಸರುಗಳು ಎಲ್ಲೆಲ್ಲೂ ಇವೆ. ಇನ್ನು ಮೆಕ್ಸಿಕೋದವರ ಮಾತು ಹೇಳುವುದೇ ಬೇಡ. ಹೆಸರಿನ ದಾರಿಯೂ ಅಲ್ಲಿಗೆ ನಿಂತಿತು.

ಹಾಗಾದರೆ ಯಾರನ್ನು ಯಾರ ಜೊತೆ ಹೋಲಿಸಬೇಕು? ಉತ್ತರ ಅಜ್ಜನ ಮನೆಯ ಪುಟದಲ್ಲೇ ಇತ್ತು.

1930ರ ಜನಗಣತಿಯ ಪುಟ. ಇಲ್ಲೇ ಹತ್ತಿರದ ಸ್ಯಾನ್ ಲಿಯಾಂಡ್ರೋ ಊರಿನ ಒಂದು ಬೀದಿ. ಗಣತಿದಾರನ ಓರೆ ಅಕ್ಷರ. ಅಪ್ಪ 45, ಹುಟ್ಟಿದ್ದು ಸ್ಪೇನ್. ಅಮ್ಮನೂ ಸ್ಪೇನ್. ದೊಡ್ಡ ಮಗಳು 22, ಸ್ಪೇನ್. ಮಗ 18, ಹವಾಯಿ. ಕೊನೆಯವನು 12, ಕ್ಯಾಲಿಫೋರ್ನಿಯಾ. ಒಂದೇ ಮನೆಯ ಐದು ಸಾಲು. ಮೇಲಿಂದ ಕೆಳಗೆ ಓದಿದರೆ ಇಡೀ ಪಯಣ ಕಾಣುತ್ತದೆ. ಓದು ಬರಹ ಬರುತ್ತದೆಯೇ ಅನ್ನುವ ಕಡೆ ಅಪ್ಪ ಅಮ್ಮ ಇಬ್ಬರಿಗೂ ‘ಇಲ್ಲ’. ಅಪ್ಪ ಹಣ್ಣಿನ ತೋಟದ ಕೂಲಿ, ಮಗಳು ಹಣ್ಣಿನ ಡಬ್ಬಿ ತುಂಬುವ ಕ್ಯಾನರಿಯಲ್ಲಿ. ಮನೆ ಬಾಡಿಗೆಯದು. ಆ ವರ್ಷ ಮನೆಯಲ್ಲಿ ರೇಡಿಯೋ ಇದೆಯೇ ಅಂತಲೂ ಕೇಳಿದ್ದರು. ಇದ್ದರೆ ‘ಆರ್’ ಅಂತ ಬರೆಯಬೇಕು. ಇವರ ಸಾಲಿನಲ್ಲಿ ಅದು ಖಾಲಿ. ನಡುವಿನ ಆ 18ರ ಹುಡುಗ ನಮ್ಮ ಅಜ್ಜನ ಅಪ್ಪ. ಅಜ್ಜ ಪರದೆಗೆ ಬೆರಳು ಮುಟ್ಟಿಸಿ ಸುಮಾರು ಹೊತ್ತು ಹಾಗೇ ಕೂತಿದ್ದರು.

ಅವತ್ತೇ ನನ್ನ ನಿಯಮ ಸಿಕ್ಕಿತು. ಅಪ್ಪ ಅಮ್ಮ ಸ್ಪೇನ್ ಅಥವಾ ಪೋರ್ಚುಗಲ್‌ನವರು, ಒಂದು ಮಗುವಾದರೂ ಹವಾಯಿಯಲ್ಲಿ ಹುಟ್ಟಿರಬೇಕು, 1930ರಲ್ಲಿ ಇದ್ದದ್ದು ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಡದ ಊರುಗಳಲ್ಲಿ. ಅಂಥ ಮನೆಗಳನ್ನು ಮಾತ್ರ ತೆಗೆದುಕೊಳ್ಳುವುದು. ಎರಡೂ ಕಡೆಯವರು ಅದೇ ಕಬ್ಬು, ಅದೇ ಬಿಸಿಲು, ಅದೇ ಮೇಸ್ತ್ರಿಗಳನ್ನು ದಾಟಿ ಬಂದವರು. 1930ರ ಗಣತಿ ಎಲ್ಲರ ಅಪ್ಪ ಅಮ್ಮನ ಹುಟ್ಟೂರಿನ ದೇಶವನ್ನೂ ಕೇಳಿದೆ, ವಲಸೆ ಬಂದ ವರ್ಷವನ್ನೂ ಕೇಳಿದೆ. ಈ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಗಣತಿ ಇಲ್ಲ.

ಆದರೂ ಒಂದು ತೊಡಕು ಉಳಿಯಿತು. ಪೋರ್ಚುಗೀಸರು ಹವಾಯಿಗೆ ಬರಲು ಶುರು ಮಾಡಿದ್ದು 1878ರಲ್ಲಿ, ಪ್ರಿಸಿಲ್ಲಾ ಅನ್ನುವ ಹಡಗಿನಲ್ಲಿ. ಸ್ಪೇನ್‌ನವರು ಗುಂಪಾಗಿ ಬಂದದ್ದು 1907ರಿಂದ 1913ರ ಒಳಗೆ, ಸುಮಾರು 8 ಸಾವಿರ ಜನ. ನಡುವೆ ಮೂವತ್ತು ವರ್ಷ. ನಮ್ಮ ಅಜ್ಜಿಯ ತಾತ ಕೈಗೂಸಾಗಿ 1880ರ ದಶಕದಲ್ಲಿ ಬಂದವರು. ಅವರು ಸ್ವಂತ ಮನೆ ಮಾಡುವ ಹೊತ್ತಿಗೆ ಅಜ್ಜನ ತಾತ ಇನ್ನೂ ಸ್ಪೇನ್‌ನಲ್ಲೇ ಇದ್ದರು. ಇಬ್ಬರ ವಾದಕ್ಕೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಹಾಗಾಗಿ ತಡವಾಗಿ ಬಂದ ಪೋರ್ಚುಗೀಸರನ್ನು ಬೇರೆ ಮಾಡಿದೆ. ಅಂಥವರೂ ಇದ್ದರು. 1911ರಲ್ಲಿ ಓರ್ಟೆರಿಕ್ ಅನ್ನುವ ಹಡಗು ಪೋರ್ಚುಗೀಸರನ್ನೂ ಸ್ಪೇನ್‌ನವರನ್ನೂ ಒಟ್ಟಿಗೇ ತುಂಬಿಕೊಂಡು ಹೊನೊಲುಲುವಿಗೆ ಬಂತು. ದಾರಿಯಲ್ಲಿ ದಡಾರ ಹಬ್ಬಿ ಐವತ್ತಕ್ಕೂ ಹೆಚ್ಚು ಜನ ತೀರಿಕೊಂಡರು, ಬಹುಪಾಲು ಪುಟ್ಟ ಮಕ್ಕಳು. ಅಂಕಿಗಳ ನಡುವೆ ಇದನ್ನು ಓದಿದ ರಾತ್ರಿ ಕೆಲಸ ಮುಂದುವರಿಸಲು ಆಗಲಿಲ್ಲ. ಆದರೆ ಹೋಲಿಕೆ ಮಾಡುವವರಿಗೆ ಇದಕ್ಕಿಂತ ಹತ್ತಿರದ ಜೋಡಿ ಸಿಗುವುದಿಲ್ಲ. ಒಂದೇ ಹಡಗು, ಒಂದೇ ವರ್ಷ, ಒಂದೇ ಕರಾರು.

ವಲಸೆ ಬಂದ ವರ್ಷದ ಕಾಲಮ್ಮನ್ನು ಕಣ್ಣು ಮುಚ್ಚಿ ನಂಬಬೇಡಿ. ಒಂದೇ ಮನೆಯಲ್ಲಿ ಗಂಡ 1911 ಅಂದರೆ ಹೆಂಡತಿ 1916 ಅಂದಿರುತ್ತಾಳೆ. ಗಂಡ ಹೇಳಿದ್ದು ಹವಾಯಿಗೆ ಬಂದ ವರ್ಷ, ಹೆಂಡತಿ ಹೇಳಿದ್ದು ಕ್ಯಾಲಿಫೋರ್ನಿಯಾಕ್ಕೆ ಬಂದದ್ದು. ಹವಾಯಿಯಲ್ಲಿ ಹುಟ್ಟಿದ ಮಗುವಿನ ವಯಸ್ಸು ನೋಡಿದರೆ ಯಾವುದು ಯಾವುದು ಅಂತ ತಿಳಿಯುತ್ತೆ.

ಅತಿ ದೊಡ್ಡ ಮೋಸ 1940ರ ಗಣತಿಯಲ್ಲಿತ್ತು. ಅದರಲ್ಲಿ ಮೊದಲ ಸಲ ಆದಾಯ ಕೇಳಿದರು, ಎಷ್ಟನೇ ಕ್ಲಾಸಿನವರೆಗೆ ಓದಿದ್ದೀರಿ ಅಂತಲೂ ಕೇಳಿದರು. ನನಗೆ ಹಬ್ಬವೇ ಆಯಿತು. ಲೆಕ್ಕ ಹಾಕಿದರೆ ಪೋರ್ಚುಗೀಸ್ ಯಜಮಾನರ ಆದಾಯ ಸಾಲು ಸಾಲಾಗಿ ಸೊನ್ನೆ. ಅಜ್ಜಿಯ ತಾತನದ್ದೂ ಸೊನ್ನೆ. ಅವರಿಗೆ ಹಸುಗಳಿದ್ದವು, ಸ್ವಂತ ಮನೆ ಇತ್ತು. ಸೊನ್ನೆ ಹೇಗೆ? ಪ್ರಶ್ನೆಯನ್ನು ಸರಿಯಾಗಿ ಓದಿದಾಗ ತಿಳಿಯಿತು. ಅಲ್ಲಿ ಕೇಳಿದ್ದು ಕೂಲಿ ಮತ್ತು ಸಂಬಳ ಮಾತ್ರ. ಸ್ವಂತ ಡೈರಿ, ಸ್ವಂತ ಅಂಗಡಿಯ ದುಡ್ಡು ಅದರಲ್ಲಿ ಬರುವುದಿಲ್ಲ. ಪಕ್ಕದ ಕಾಲಮ್ಮಿನಲ್ಲಿ ‘ಬೇರೆ ಮೂಲದಿಂದ 50 ಡಾಲರ್ ಅಥವಾ ಜಾಸ್ತಿ ಬಂತೇ’ ಅಂತ ಇದೆ, ಅಲ್ಲಿ ಬರೀ ‘ಹೌದು’. ಕ್ಯಾನರಿಯಲ್ಲಿ ದುಡಿದವರ ಪ್ರತಿ ಡಾಲರೂ ಕಾಣುತ್ತದೆ. ಹಸು ಕಟ್ಟಿದವರದ್ದು ಕಾಣುವುದಿಲ್ಲ. ‘ನಮ್ಮವರಿಗೆ ಸಂಬಳ ಚೆನ್ನಾಗಿತ್ತು’ ಅನ್ನುವ ಅಜ್ಜನ ಮಾತು ಕಾಗದದ ಮೇಲೆ ನಿಜ. ಆದರೆ ಸಂಬಳವೇ ಆದಾಯ ಅಲ್ಲ.

1940ರಲ್ಲಿ ಇನ್ನೊಂದು ಕಷ್ಟ. ಅಪ್ಪ ಅಮ್ಮನ ದೇಶವನ್ನು ಎಲ್ಲರಿಗೂ ಕೇಳಲಿಲ್ಲ. ಪುಟಕ್ಕೆ 40 ಸಾಲು, ಅದರಲ್ಲಿ ಎರಡು ಸಾಲಿಗೆ ಮಾತ್ರ. ಹಾಗಾಗಿ 1930ರ ಹುಡುಗನನ್ನು ಹತ್ತು ವರ್ಷ ದೊಡ್ಡವನಾಗಿ 1940ರಲ್ಲಿ ಕೈಯಾರೆ ಹುಡುಕಬೇಕು. ಪೋರ್ಚುಗೀಸ್ ಹುಡುಗರಲ್ಲಿ ಪೆರೇರಾ ಇದ್ದವನು ಪೆರ್ರಿ ಆಗಿರುತ್ತಾನೆ, ರಾಡ್ರಿಗಸ್ ಇದ್ದವನು ರಾಜರ್ಸ್. ಹೆಣ್ಣುಮಕ್ಕಳು ಮದುವೆಯಾಗಿ ಹೆಸರು ಬದಲಾದ ಕೂಡಲೇ ಕೈತಪ್ಪಿ ಹೋಗುತ್ತಾರೆ. ಚರ್ಚಿನ ಮದುವೆ ದಾಖಲೆ ಸಿಕ್ಕವರನ್ನು ಮಾತ್ರ ಉಳಿಸಿಕೊಂಡೆ. ಕ್ಯಾನರಿ ಸಾಲಿನಲ್ಲಿ ನಿಂತು ಮನೆ ಸಾಕಿದ ಆ ಹುಡುಗಿಯರೇ ಲೆಕ್ಕದಿಂದ ಜಾರಿದ್ದು ನನಗೆ ಇವತ್ತಿಗೂ ನೋವು.

ಇಷ್ಟೆಲ್ಲ ಮಾಡಿ ಏನು ಕಂಡಿತು? ನನ್ನ ಕೈಯಲ್ಲಿರುವ ಮನೆಗಳು ಕಡಿಮೆ. ಹಾಗಾಗಿ ಶೇಕಡಾ ಲೆಕ್ಕ ಕೊಡುವುದಿಲ್ಲ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳಬಲ್ಲೆ. ಒಂದೇ ಕಾಲಕ್ಕೆ ಬಂದವರನ್ನು ಪಕ್ಕಪಕ್ಕ ಇಟ್ಟಾಗ ಕಣ್ಣಿಗೆ ಬೀಳುವುದು ಜನಾಂಗದ ಗುಣ ಅಲ್ಲ, ಅವರು ಬರುವ ಮೊದಲೇ ಇಲ್ಲಿ ಯಾರಿದ್ದರು ಅನ್ನುವುದು. ಪೋರ್ಚುಗೀಸರಿಗೆ ಇಲ್ಲಿ ಅಸೋರಿಸ್‌ನವರು ಮೊದಲೇ ಇದ್ದರು. ಸ್ಯಾನ್ ಲಿಯಾಂಡ್ರೋದಲ್ಲಿ 1880ರಲ್ಲೇ ಯುಪಿಇಸಿ ಎಂಬ ಪೋರ್ಚುಗೀಸ್ ಸಹಾಯ ಸಂಘ ಹುಟ್ಟಿತ್ತು. ಸದಸ್ಯ ಸತ್ತರೆ ಮನೆಯವರಿಗೆ ದುಡ್ಡು ಕೊಡುತ್ತಿತ್ತು. ಹೊಸಬನಿಗೆ ಕೆಲಸ ಹೇಳುವವರು, ಕೈಗಡ ಕೊಡುವವರು, ಹೋಲಿ ಘೋಸ್ಟ್ ಹಬ್ಬದ ಊಟಕ್ಕೆ ಕರೆಯುವವರು ಇದ್ದರು. ಆಂಡಲೂಸಿಯಾದವರಿಗೆ ಅಂಥ ಬೇರು ಇರಲಿಲ್ಲ. ಸ್ನೇಹಿತರು, ಊರಿನವರು ಸೇರಿ ತಾವೇ ಎಲ್ಲ ಕಟ್ಟಿಕೊಳ್ಳಬೇಕಾಯಿತು.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು. 1930ರಲ್ಲಿ ಹವಾಯಿಯಲ್ಲಿ ಉಳಿದಿದ್ದ ಸ್ಪೇನ್‌ನವರು ಸುಮಾರು 1,200 ಮಾತ್ರ. ಪೋರ್ಚುಗೀಸರು 27 ಸಾವಿರಕ್ಕೂ ಹೆಚ್ಚು. ಅಂದರೆ ಸ್ಪೇನ್‌ನವರು ಹೆಚ್ಚುಕಡಿಮೆ ಎಲ್ಲರೂ ಹವಾಯಿ ಬಿಟ್ಟರು, ಪೋರ್ಚುಗೀಸರಲ್ಲಿ ಒಂದು ಪಾಲು ಮಾತ್ರ ಬಿಟ್ಟಿತು. ಹೊರಟ ಆ ಪಾಲು ಉಳಿದವರಿಗಿಂತ ಬೇರೆ ಥರದವರಿರಬಹುದು, ಹೆಚ್ಚು ಛಲದವರು ಅಥವಾ ಹೆಚ್ಚು ಬಡವರು. ಇದನ್ನು ಗಮನಿಸದೆ ಕ್ಯಾಲಿಫೋರ್ನಿಯಾದ ಮನೆಗಳನ್ನಷ್ಟೇ ನೋಡಿ ಮಾತಾಡಿದರೆ ಅರ್ಧ ಚಿತ್ರ. ಆದ್ದರಿಂದ ಈಗ ಹವಾಯಿಯ ಪುಟಗಳನ್ನೂ ತೆರೆದಿದ್ದೇನೆ. ಅಲ್ಲಿ 1930ರ ಲೆಕ್ಕದಲ್ಲಿ ಪೋರ್ಚುಗೀಸ್, ಸ್ಪ್ಯಾನಿಷ್ ಅಂತ ಬೇರೆ ಬೇರೆ ಗುಂಪು ಇವೆ. ಉಳಿದ ಬಿಳಿಯರು ಇನ್ನೊಂದು ಗುಂಪು. 1940ಕ್ಕೆ ಎಲ್ಲರನ್ನೂ ಒಂದಾಗಿಸಿದರು.

ಓದಿನ ವಿಷಯದಲ್ಲಿ ಇಬ್ಬರೂ ಒಂದೇ ಗೋಡೆಗೆ ಬಡಿದವರು. ಹತ್ತೋ ಹನ್ನೆರಡೋ ವರ್ಷ ಆಗುತ್ತಿದ್ದಂತೆ ಬೇಸಿಗೆಯಲ್ಲಿ ಏಪ್ರಿಕಾಟ್ ಬಿಡಿಸಲು ಕೈ ಬೇಕು. ಅಜ್ಜನ ಅಪ್ಪನ ಹೆಸರಿನ ಮುಂದೆ 1940ರಲ್ಲಿ 8 ಎಂದಿದೆ. ಅಜ್ಜಿಯ ಅಮ್ಮನದ್ದೂ 8. ಆ ದಿನ ಇಬ್ಬರೂ ವಾದ ಮಾಡಲಿಲ್ಲ.

2022ರ ಏಪ್ರಿಲ್‌ನಲ್ಲಿ 1950ರ ಪುಟಗಳು ಹೊರಬಂದವು. 72 ವರ್ಷ ಮುಚ್ಚಿಟ್ಟು ಆಮೇಲೆ ಬಿಡುತ್ತಾರೆ. ಅದರಲ್ಲಿ ಓದು, ಆದಾಯ, ಅಪ್ಪ ಅಮ್ಮನ ದೇಶ ಕೇಳಿರುವುದು ಐದರಲ್ಲಿ ಒಂದು ಸಾಲಿಗೆ ಮಾತ್ರ. ಅಜ್ಜನ ಮನೆ ಸಿಕ್ಕಿತು. ಅಪ್ಪನ ಸಾಲಿಗೆ ಆ ಅದೃಷ್ಟ ಬೀಳಲಿ ಅಂತ ಕಾದೆವು, ಬೀಳಲಿಲ್ಲ. ಬಿದ್ದದ್ದು ಎರಡು ಸಾಲು ಕೆಳಗೆ, ಹತ್ತು ವರ್ಷದ ಹುಡುಗನ ಮೇಲೆ. ಅದು ಅಜ್ಜನೇ. ಪುಟದ ಕೆಳಗೆ ಅವರಿಗಾಗಿ ಬಿಟ್ಟಿದ್ದ ಜಾಗದಲ್ಲಿ ‘ತಂದೆ ಹುಟ್ಟಿದ ದೇಶ’ ಅಂತ ಇತ್ತು. ಅದರ ಮುಂದೆ ಬರೆದದ್ದು ಹವಾಯಿ. ಸ್ಪೇನ್ ಅನ್ನುವ ಪದ ಆ ಮನೆಯ ಸಾಲುಗಳಲ್ಲಿ ಎಲ್ಲೂ ಇರಲಿಲ್ಲ.