ಲಿಕ್ವಿಡ್‌ಗೆ ಉಪ್ಪು ಹಾಕುವ ಮುನ್ನ ಕ್ಲೌಡ್ ಪಾಯಿಂಟ್ ನೋಡಿ

ಲಿಕ್ವಿಡ್ ಡಿಟರ್ಜೆಂಟ್‌ಗೆ ಹಾಕುವ, ಕೊಳೆ ತೆಗೆಯುವ ರಾಸಾಯನಿಕ ಎನ್‌ಪಿ-9. ಅದರ ಡ್ರಮ್ಮಿನ ಜೊತೆ ಬರುವ ಟೆಸ್ಟ್ ರಿಪೋರ್ಟ್‌ನಲ್ಲಿ ಕ್ಲೌಡ್ ಪಾಯಿಂಟ್, ಅಂದರೆ ಬಿಸಿ ಮಾಡಿದಾಗ ತಿಳಿ ದ್ರಾವಣ ಮಬ್ಬಾಗುವ ಉಷ್ಣತೆ, ಸುಮಾರು 54 ಡಿಗ್ರಿ ಅಂತ ಇರುತ್ತದೆ. ಅದು ಬರೀ ನೀರಿನಲ್ಲಿ 1% ಕರಗಿಸಿ ಅಳೆದದ್ದು. ನಿಮ್ಮ ಟ್ಯಾಂಕಿನಲ್ಲಿ ಬರೀ ನೀರಿಲ್ಲ, ಅಲ್ವಾ? ಉಪ್ಪಿದೆ, ಸೋಡಾ ಇದೆ, ಬೋರ್‌ವೆಲ್ ನೀರಿನ ಗಡಸುತನ ಇದೆ.

ಸಣ್ಣ ಘಟಕಗಳ ಲಿಕ್ವಿಡ್ ಡಿಟರ್ಜೆಂಟ್ ಪರೀಕ್ಷೆ ಮಾಡುವುದು ನನ್ನ ಕೆಲಸ. ಬೇಸಿಗೆ ಬಂತೆಂದರೆ ಒಂದೇ ದೂರು: "ಮೇಡಂ, ಕಲಬುರಗಿಗೆ ಕಳಿಸಿದ ಕ್ಯಾನ್‌ಗಳಲ್ಲಿ ಮಾಲು ಎರಡು ಪದರ ಆಗಿದೆ." ಅಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ತಗಡಿನ ಗೋಡೌನ್ ಒಳಗೆ ಇನ್ನೂ ಜಾಸ್ತಿ.

ಆಗುವುದು ಇಷ್ಟು. ಎನ್‌ಪಿ-9 ನಾನ್ಅಯಾನಿಕ್, ಅಂದರೆ ವಿದ್ಯುದಂಶವಿಲ್ಲದ್ದು. ಅದರ ಅಣುವಿಗೆ ಉದ್ದನೆಯ ಈಥರ್ ಬಾಲ ಇರುತ್ತದೆ. ಅದರ ಆಕ್ಸಿಜನ್‌ಗಳು ನೀರನ್ನು ಹಿಡಿದುಕೊಂಡಿರುವವರೆಗೆ ದ್ರಾವಣ ತಿಳಿಯಾಗಿರುತ್ತದೆ. ಬಿಸಿ ಏರಿದಂತೆ ಆ ಹಿಡಿತ ಸಡಿಲವಾಗುತ್ತದೆ. ಮೈಸೆಲ್‌ಗಳು, ಅಂದರೆ ಈ ಅಣುಗಳ ಸಣ್ಣ ಗುಂಪುಗಳು, ಒಂದಕ್ಕೊಂದು ಅಂಟಿಕೊಳ್ಳುತ್ತವೆ, ದ್ರಾವಣ ಮಬ್ಬಾಗುತ್ತದೆ, ಆಮೇಲೆ ಎರಡು ಪದರ. ಸಲ್ಫೇಟ್, ಕಾರ್ಬೊನೇಟ್‌ನಂಥ ಅಯಾನುಗಳು ನೀರನ್ನು ತಮ್ಮ ಕಡೆ ಎಳೆದುಕೊಳ್ಳುವುದರಿಂದ ಇದೆಲ್ಲ ಕಡಿಮೆ ಬಿಸಿಯಲ್ಲೇ ನಡೆದುಹೋಗುತ್ತದೆ.

ನೀವೇ ಮಾಡಿ ನೋಡಿ. ಎನ್‌ಪಿ-9 ಅನ್ನು 2 ಗ್ರಾಂ ತೂಗಿ, ಡಿಸ್ಟಿಲ್ಡ್ ನೀರಿನಲ್ಲಿ 100 ಮಿಲಿ ಮಾಡಿ. ಅದು ಮಂದ, ಪಿಪೆಟ್‌ಗೆ ಅಂಟುತ್ತದೆ, ಹಾಗಾಗಿ ತೂಕವೇ ಸರಿ. ಜೋರಾಗಿ ಕುಲುಕಬೇಡಿ, ನೊರೆ ಬಂದರೆ ಮಬ್ಬು ಕಾಣುವುದಿಲ್ಲ. ಬೇರೆ ಬೇರೆ ಫ್ಲಾಸ್ಕ್‌ಗಳಲ್ಲಿ 11.7 ಗ್ರಾಂ ಸೋಡಿಯಂ ಕ್ಲೋರೈಡ್, 14.2 ಗ್ರಾಂ ನೀರಿನಂಶವಿಲ್ಲದ ಸೋಡಿಯಂ ಸಲ್ಫೇಟ್, 16.2 ಗ್ರಾಂ ಸೋಡಿಯಂ ಥಯೋಸಯನೇಟ್ ಕರಗಿಸಿ, ಪ್ರತಿಯೊಂದನ್ನೂ 100 ಮಿಲಿ ಮಾಡಿ. ಈ ತೂಕದಲ್ಲಿ ಮೂರರಲ್ಲೂ ಸೋಡಿಯಂ ಒಂದೇ ಪ್ರಮಾಣ, ಆದ್ದರಿಂದ ವ್ಯತ್ಯಾಸ ಬಂದರೆ ಅದು ಇನ್ನೊಂದು ಅಯಾನಿನದ್ದು. ಥಯೋಸಯನೇಟ್ ಹತ್ತಿರ ಆ್ಯಸಿಡ್ ತರಲೇಬೇಡಿ.

ಟ್ಯೂಬಿಗೆ 10 ಮಿಲಿ ಎನ್‌ಪಿ-9 ದ್ರಾವಣ, 10 ಮಿಲಿ ಉಪ್ಪಿನ ದ್ರಾವಣ. ಒಂದು ಟ್ಯೂಬಿಗೆ ಉಪ್ಪಿನ ಬದಲು ಬರೀ ನೀರು. ಥರ್ಮಾಮೀಟರ್ ಟ್ಯೂಬಿನೊಳಗೇ ಇರಲಿ, ವಾಟರ್ ಬಾತ್‌ನಲ್ಲಿ ಅಲ್ಲ. ನಿಮಿಷಕ್ಕೆ ಒಂದು ಡಿಗ್ರಿಯಂತೆ ಬಿಸಿ ಏರಿಸಿ. ಹಿಂದೆ ಇಟ್ಟ ಕಪ್ಪು ಗೆರೆ ಮರೆಯಾದ ಡಿಗ್ರಿ ಬರೆದುಕೊಳ್ಳಿ. ತಣಿಸುವಾಗ ಗೆರೆ ಮತ್ತೆ ಕಂಡ ಡಿಗ್ರಿಯನ್ನೂ ಬರೆಯಿರಿ. ಎರಡರ ಸರಾಸರಿ ತೆಗೆದುಕೊಳ್ಳಿ.

ಕ್ಲೋರೈಡ್ ಹತ್ತು ಡಿಗ್ರಿ ಆಸುಪಾಸು ಇಳಿಸುತ್ತದೆ. ಸಲ್ಫೇಟ್ ಅಯಾನುಗಳು ಟ್ಯೂಬಿನಲ್ಲಿ ಕ್ಲೋರೈಡ್‌ನ ಅರ್ಧದಷ್ಟೇ ಇದ್ದರೂ ಅದಕ್ಕಿಂತ ಜಾಸ್ತಿ ಇಳಿಸುತ್ತದೆ. ಥಯೋಸಯನೇಟ್ ಏರಿಸುತ್ತದೆ! ಅದೂ ಉಪ್ಪೇ, ಆದರೂ ಪರಿಣಾಮ ಉಲ್ಟಾ. ನನಗೆ ಇದು ಈಗಲೂ ಬಹಳ ಇಷ್ಟದ ಪ್ರಯೋಗ. 1888ರಲ್ಲಿ ಪ್ರಾಗ್‌ನಲ್ಲಿ ವಿಜ್ಞಾನಿ ಹೋಫ್‌ಮೈಸ್ಟರ್ ಮೊಟ್ಟೆಯ ಪ್ರೋಟೀನ್ ಮೇಲೆ ಗುರುತಿಸಿದ ಅಯಾನುಗಳ ಕ್ರಮವೇ ಇಲ್ಲೂ ಕಾಣುತ್ತದೆ.

ಎನ್‌ಪಿ-9 ಜಾಸ್ತಿ ಇರುವ ಪದರ ಸಾಮಾನ್ಯವಾಗಿ ಕೆಳಗೆ ಕೂರುತ್ತದೆ. ಉಪ್ಪು ತುಂಬಾ ಇದ್ದರೆ ಉಪ್ಪುನೀರೇ ಭಾರವಾಗಿ ಅದು ಮೇಲೆ ತೇಲುತ್ತದೆ. ಸ್ಯಾಂಪಲ್ ತೆಗೆಯುವಾಗ ಇದು ನೆನಪಿರಲಿ.

ಈಗ ನಿಮ್ಮ ಮಾಲನ್ನೇ ಹೀಗೆ ಬಿಸಿ ಮಾಡಿ. 60ರೊಳಗೆ ಮಬ್ಬಾದರೆ ಬಿಸಿಲೂರಿಗೆ ಕಳಿಸಬೇಡಿ ಅಂತಲೇ ನಾನು ಹೇಳುವುದು. ಋಣ ವಿದ್ಯುದಂಶವಿರುವ ಇನ್ನೊಂದು ಡಿಟರ್ಜೆಂಟ್ ರಾಸಾಯನಿಕ ಎಸ್‌ಎಲ್‌ಇಎಸ್ (ಸೋಡಿಯಂ ಲಾರಿಲ್ ಈಥರ್ ಸಲ್ಫೇಟ್) ಸ್ವಲ್ಪ ಸೇರಿಸಿದರೆ ಮೈಸೆಲ್‌ಗಳಿಗೆ ಋಣ ವಿದ್ಯುದಂಶ ಬಂದು, ಒಂದನ್ನೊಂದು ದೂರ ತಳ್ಳುತ್ತವೆ. ಕ್ಲೌಡ್ ಪಾಯಿಂಟ್ ಚೆನ್ನಾಗಿ ಏರುತ್ತದೆ. ಆದರೆ ಗಟ್ಟಿ ಬರಲಿ ಅಂತ ಅದಕ್ಕೆ ಮತ್ತೆ ಉಪ್ಪು ಸುರಿದರೆ ಆ ತಳ್ಳಾಟ ಕುಗ್ಗುತ್ತದೆ, ಗಳಿಸಿದ ಡಿಗ್ರಿಗಳೂ ಇಳಿಯುತ್ತವೆ. ಉಪ್ಪನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಪ್ರತಿ ಸಲ ಒಂದು ಟ್ಯೂಬ್ ಬಿಸಿ ಮಾಡಿ ನೋಡಿ.