ಬಿತ್ತನೆ ಗೆಡ್ಡೆಯಲ್ಲಿ ಕೊಳೆತದ್ದು ಜಾಸ್ತಿನಾ? ಲೆಕ್ಕ ಹಾಕೋದು ಹೀಗೆ

ಮೇ ತಿಂಗಳು ಬಂತು ಅಂದ್ರೆ ಹಾಸನದ ಎಪಿಎಂಸಿಯಲ್ಲಿ ಜಲಂಧರ್ ಕಡೆಯ ಬಿತ್ತನೆ ಆಲೂಗಡ್ಡೆ ವ್ಯಾಪಾರ ಜೋರು. ವ್ಯಾಪಾರಿಯೊಬ್ಬರು "ಕೊಳೆತದ್ದು ನೂರಕ್ಕೆ ಹತ್ತು, ಅಷ್ಟೇ" ಅಂದರು ಅಂದುಕೊಳ್ಳಿ. ನೀವು 200 ಗೆಡ್ಡೆ ತೆಗೆದು ನೋಡಿದರೆ 29 ಕೊಳೆತಿವೆ, ಅಂದರೆ ಶೇ 14.5. ಅವರ ಮಾತು ತಪ್ಪಾ, ಇಲ್ಲ ನಿಮ್ಮ ಕೈಗೆ ಸುಮ್ನೆ ಕೆಟ್ಟವೇ ಜಾಸ್ತಿ ಸಿಕ್ಕವಾ? ಪ್ರಮಾಣದ ಹೈಪಾಥಿಸಿಸ್ ಪರೀಕ್ಷೆ ಇರೋದು ಇದಕ್ಕೇ.

ಚೀಲ ಬಿಚ್ಚುವ ಮೊದಲೇ ಎರಡು ಸಾಲು ಬರೆದಿಡಿ. ನಲ್ ಹೈಪಾಥಿಸಿಸ್ (ಸದ್ಯಕ್ಕೆ ನಿಜ ಅಂತ ಇಟ್ಟುಕೊಳ್ಳುವ ಮಾತು): ಇಡೀ ಲೋಡಿನಲ್ಲಿ ಕೊಳೆತ ಪ್ರಮಾಣ 0.10. ಆಲ್ಟರ್ನೇಟಿವ್ (ಅದಕ್ಕೆ ಎದುರಾದ ನಮ್ಮ ಅನುಮಾನ): 0.10ಕ್ಕಿಂತ ಜಾಸ್ತಿ. ಕಡಿಮೆ ಇದ್ದರೆ ನಮಗೇನೂ ತಕರಾರಿಲ್ಲ ಅಲ್ವಾ, ಹಾಗಾಗಿ ಇದು ಒಂದೇ ಬದಿಯ ಪರೀಕ್ಷೆ. ಮಟ್ಟ 0.05 ಅಂತಲೂ ಈಗಲೇ ಗಟ್ಟಿ ಮಾಡಿ; ಅಂದರೆ ವ್ಯಾಪಾರಿಯ ಮಾತು ನಿಜವಿದ್ದೂ ನಾವು ತಪ್ಪಾಗಿ ತಿರಸ್ಕರಿಸೋದು ನೂರಕ್ಕೆ ಐದು ಸಲ ಆದರೆ ಪರವಾಗಿಲ್ಲ ಅಂತ. ಎಣಿಸಿದ ಮೇಲೆ ಇದನ್ನೆಲ್ಲ ಬರೆಯೋದು ಉತ್ತರ ನೋಡಿಕೊಂಡು ಪ್ರಶ್ನೆ ಹಾಕಿದ ಹಾಗೆ.

ನನ್ನ ಪ್ರಕಾರ ಲೆಕ್ಕಕ್ಕಿಂತ ಸ್ಯಾಂಪಲ್ಲೇ ಕಷ್ಟ. ಕೊಳೆ ಒಂದು ಗೆಡ್ಡೆಯಿಂದ ಪಕ್ಕದ ಗೆಡ್ಡೆಗೆ ಹಬ್ಬುತ್ತದೆ, ಒಂದೇ ಚೀಲದಿಂದ 200 ತೆಗೆದರೆ ಅವು ಒಂದಕ್ಕೊಂದು ಸಂಬಂಧ ಇಲ್ಲದ ಗೆಡ್ಡೆಗಳಲ್ಲ, ಸೂತ್ರವೇ ಕೈಕೊಡುತ್ತದೆ. ಚೀಟಿ ಎತ್ತಿ ಚೀಲ ಆರಿಸಿ, ಒಂದೊಂದರಿಂದ ಒಂದೆರಡೇ ತೆಗೆಯಿರಿ, ತಳದವನ್ನೂ ಬಿಡಬೇಡಿ. ಆಮೇಲೆ 200×0.10 = 20, 200×0.90 = 180; ಎರಡೂ 10ಕ್ಕಿಂತ ಕಡಿಮೆ ಇಲ್ಲ, ಅಂದರೆ ಕೆಳಗಿನ ಅಂದಾಜು ಸೂತ್ರಕ್ಕೆ ಸ್ಯಾಂಪಲ್ ಸಾಕಷ್ಟು ದೊಡ್ಡದು, ಮುಂದುವರಿಯಬಹುದು.

ಈಗ ಸ್ಟ್ಯಾಂಡರ್ಡ್ ಎರರ್, ಅಂದರೆ ಸ್ಯಾಂಪಲ್‌ನಿಂದ ಸ್ಯಾಂಪಲ್‌ಗೆ ಪ್ರಮಾಣ ಸಾಮಾನ್ಯವಾಗಿ ಎಷ್ಟು ಹೆಚ್ಚುಕಮ್ಮಿ ಆಗುತ್ತದೆ ಅನ್ನೋದು: 0.10×0.90ನ್ನು 200ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.0212. ಹುಡುಗರು ಎಡವೋದು ಇಲ್ಲೇ, 0.145 ಹಾಕಿಬಿಡುತ್ತಾರೆ. ವ್ಯಾಪಾರಿಯ ಮಾತು ನಿಜ ಅಂತ ಇಟ್ಟುಕೊಂಡು ತಾನೇ ಪರೀಕ್ಷೆ ಮಾಡುತ್ತಿರೋದು, ಅದಕ್ಕೆ ಅವರ 0.10 ಬೇಕು. 0.145ರಲ್ಲಿ 0.10 ಕಳೆದು 0.0212ರಿಂದ ಭಾಗಿಸಿದರೆ ಝಡ್ 2.12, ಅಂದರೆ ನಮಗೆ ಸಿಕ್ಕಿದ್ದು 0.10ರಿಂದ ಎರಡು ಸ್ಟ್ಯಾಂಡರ್ಡ್ ಎರರ್‌ಗಿಂತ ಜಾಸ್ತಿ ದೂರ. ಒಂದೇ ಬದಿಯ ಪರೀಕ್ಷೆಗೆ 0.05 ಮಟ್ಟದಲ್ಲಿ ಝಡ್‌ನ ಗಡಿ 1.645, ದಾಟಿತು. ನಲ್ ಹೈಪಾಥಿಸಿಸ್ ತಿರಸ್ಕರಿಸಿ.

ಪಿ-ವ್ಯಾಲ್ಯೂ 0.017. ಇದು ವ್ಯಾಪಾರಿ ಸರಿ ಇರುವ ಸಂಭವ ಅಲ್ಲ. ನಿಜಕ್ಕೂ ಶೇ 10 ಮಾತ್ರ ಕೊಳೆತ ಲೋಡಿನಿಂದ 200 ತೆಗೆದಾಗ 29 ಅಥವಾ ಅದಕ್ಕೂ ಜಾಸ್ತಿ ಕೊಳೆತವು ಸಿಗೋದು, ಈ ಅಂದಾಜಿನಲ್ಲಿ, ನೂರಕ್ಕೆ ಸುಮಾರು ಎರಡು ಸಲ.

29ರ ಬದಲು 24 ಸಿಕ್ಕಿದ್ದರೆ? ಝಡ್ 0.94, ತಿರಸ್ಕರಿಸೋ ಹಾಗಿಲ್ಲ. ಹಾಗಂತ ಶೇ 10 ಅನ್ನೋದು ಸಾಬೀತಾಯಿತು ಅಂತ ಬರೆಯಬೇಡಿ, ಪುರಾವೆ ಸಾಲಲಿಲ್ಲ ಅಷ್ಟೇ. ಅದೇ ಶೇ 12 ಕೊಳೆ 800 ಗೆಡ್ಡೆಯಲ್ಲಿ ಕಂಡಿದ್ದರೆ ಝಡ್ 1.89 ಆಗಿ ಗಡಿ ದಾಟುತ್ತಿತ್ತು.